ಬೇಲಿ ತಂತಿ ಬೇಲಿಗೇ ಇರಲಿ: ಕೆಂಡದ ಮೇಲಿಡುವ ಜಾಲರಿ ಆರಿಸುವ ಬಗೆ

ಬೇಲಿಗೆ ಹಾಕಿ ಉಳಿದ ತಂತಿ ಬಲೆ ಒಂದು ಸುರುಳಿಯಾದರೂ ನಮ್ಮೆಲ್ಲರ ಹಿತ್ತಲಲ್ಲಿ ಬಿದ್ದಿರುತ್ತದೆ. ಜೋಳ ಸುಡಬೇಕು, ಗೆಣಸು ಸುಡಬೇಕು ಅಂದಾಗ ಕೈ ಹೋಗೋದು ಅದರ ಕಡೆಗೇ. ಮೂರು ಕಲ್ಲಿಟ್ಟು, ಮೇಲೆ ಆ ಬಲೆ ಹಾಸಿದರೆ ಮುಗೀತು. ಖರ್ಚಿಲ್ಲ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದವನು. ಆ ಖರ್ಚಿಲ್ಲದ ಜಾಲರಿ ಒಂದು ಸಲ ನನ್ನ ತಮ್ಮನ ಮಗನನ್ನು ಜ್ವರದಲ್ಲಿ ಮಲಗಿಸಿತು. ಆಮೇಲೆ ಕೇಳಿ, ನೋಡಿ, ಮಾಡಿಸಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ನಾನು ಪಾವಗಡ ತಾಲ್ಲೂಕಿನ ಖುಷ್ಕಿ ರೈತ. ಮಳೆ ನಂಬಿ ಕಡಲೆಕಾಯಿ ಬೆಳೆಯುವವನು. ಓದಿದ್ದು ಏಳನೇ ಕ್ಲಾಸು. ತಪ್ಪಿದ್ದರೆ ತಿಳಿದವರು ತಿದ್ದಬೇಕು.

ಪರಿಷೆಯಲ್ಲಿ ಆದದ್ದು

ಬೆಂಗಳೂರು ಬಸವನಗುಡಿಯ ಕಡಲೆಕಾಯಿ ಪರಿಷೆ ಗೊತ್ತಲ್ಲ. ಕಾರ್ತಿಕ ಮಾಸದ ಕೊನೇ ಸೋಮವಾರ, ದೊಡ್ಡ ಬಸವಣ್ಣನ ಗುಡಿ ಮುಂದಿನ ರಸ್ತೆ ಉದ್ದಕ್ಕೂ ಕಾಯಿ ರಾಶಿ. ಹಿಂದೆ ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ ಕಡೆ ರೈತರು ಬೆಳೆದ ಕಾಯಿಯನ್ನು ಬಸವ ಬಂದು ಮೇಯುತ್ತಿದ್ದ, ಅದಕ್ಕೆ ಮೊದಲ ಬೆಳೆ ಅವನಿಗೇ ಒಪ್ಪಿಸುವ ಪದ್ಧತಿ ಬಂತು ಅಂತ ಹೇಳ್ತಾರೆ. ಈಗ ಆ ಹೊಲಗಳೆಲ್ಲ ಬೀದಿ, ಮನೆ. ಕಾಯಿ ಬರೋದು ನಮ್ಮಂಥ ಬಯಲುಸೀಮೆಯಿಂದ. ಈಚಿನ ವರ್ಷಗಳಲ್ಲಿ ಮಲ್ಲೇಶ್ವರದ ಕಾಡುಮಲ್ಲೇಶ್ವರ ಗುಡಿ ಹತ್ತಿರವೂ ಇಂಥದೇ ಪರಿಷೆ ಸೇರುತ್ತದೆ.

2023 ಬರದ ವರ್ಷ. ನನ್ನ ಮೂರು ಎಕರೆಗೆ ಸಿಕ್ಕಿದ್ದು ಒಂಬತ್ತು ಮೂಟೆ. ಹಸಿ ಲೆಕ್ಕಕ್ಕೆ ಮಾರಿದರೆ ಬಿತ್ತನೆ ಖರ್ಚೂ ಹುಟ್ಟೋದಿಲ್ಲ. "ದೊಡ್ಡಪ್ಪ, ಎಲ್ಲರೂ ಬಾಣಲೇಲಿ ಮರಳು ಹಾಕಿ ಹುರೀತಾರೆ. ನಾವು ಹೊಲದಲ್ಲಿ ಸುಟ್ಟಂಗೆ ಕೆಂಡದ ಮೇಲೆ ಸುಟ್ಟು ಕೊಡೋಣ. ಜೊತೆಗೆ ಜೋಳನೂ ಇಡೋಣ" ಅಂದ ತಮ್ಮನ ಮಗ. ಮಾತು ಸರಿ ಅನ್ನಿಸಿತು. ಮನೆಯಲ್ಲಿ ಕುರಿ ಹಟ್ಟಿಗೆ ಕಟ್ಟಿ ಮಿಕ್ಕಿದ್ದ ಚಿಕನ್ ಮೆಶ್ ಇತ್ತು. ಅದನ್ನೇ ಎರಡು ಮಡಿಕೆ ಮಾಡಿ, ಅಂಚು ಮಡಚಿ ತಟ್ಟೆಯಂತೆ ಬಗ್ಗಿಸಿಕೊಂಡು ಟೆಂಪೊ ಹತ್ತಿದೆವು.

ಡಿಸೆಂಬರ್ 11ರ ಸೋಮವಾರ. ಇಟ್ಟಿಗೆ ಒಲೆ, ಇದ್ದಲು, ಕೈಯಲ್ಲಿ ತಿರುಗಿಸುವ ಗಾಳಿಯಂತ್ರ. ಜೋಳ ಸುಡುವವರ ಹತ್ತಿರ ಇರ್ತದಲ್ಲ, ಅಂಥದು. ವ್ಯಾಪಾರ ಜೋರು. ಹುಡುಗ ಬೆಳಿಗ್ಗೆಯಿಂದ ಒಲೆ ಮೇಲೆ ಬಗ್ಗಿಕೊಂಡೇ ಇದ್ದ. ಜನ ಹೆಚ್ಚಿದಂತೆ ಗಾಳಿಯನ್ನೂ ಹೆಚ್ಚು ಬಿಟ್ಟ. ಮಧ್ಯಾಹ್ನದ ಮೇಲೆ ಬಲೆಯಿಂದ ಬಿಳೀ ಹೊಗೆ ಏಳೋದು ಕಂಡೆ. ಕಾಯಿ ಸಿಪ್ಪೆ ಸೀದಿರಬೇಕು ಅಂತ ಸುಮ್ಮನಾದೆ. ಸಂಜೆಗೆ ತಂತಿ ಮೇಲೆ ವಿಭೂತಿ ಬಳಿದಂತೆ ಬಿಳೀ ಪುಡಿ. ಹುಡುಗ ಬಾಯಿ ಚಪ್ಪರಿಸಿ "ಒಂಥರಾ ಸಿಹಿ ಸಿಹಿ, ಕಬ್ಬಿಣ ನೆಕ್ಕಿದಂಗಾಗ್ತದೆ" ಅಂದ.

ರಾತ್ರಿ ಹತ್ತರ ಹೊತ್ತಿಗೆ ಅವನಿಗೆ ಚಳಿ, ನಡುಕ, ಎದೆ ಬಿಗಿತ, ಮೈಯೆಲ್ಲ ನೋವು. ಮಲೇರಿಯಾ ಬಂತೇನೋ ಅಂತ ಹೆದರಿ ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಡಾಕ್ಟರು ನೋಡಿ, "ಏನು ಕೆಲಸ ಮಾಡ್ತಾನೆ? ವೆಲ್ಡಿಂಗಾ?" ಅಂತ ಕೇಳಿದರು. ಇಲ್ಲ ಸ್ವಾಮಿ, ಕಡಲೆಕಾಯಿ ಸುಡ್ತಿದ್ದ ಅಂದೆ. ಯಾವುದರ ಮೇಲೆ ಅಂತ ಕೇಳಿದರು. ಆಗ ವಿಷಯ ಹೊರಗೆ ಬಂತು. ಸತುವಿನ ಹೊಗೆ ಕುಡಿದರೆ ಕೆಲವು ಗಂಟೆ ಬಿಟ್ಟು ಹೀಗೇ ಜ್ವರ ಬರುತ್ತದೆ, ಬೇಲಿ ಪೈಪು, ಜಿಂಕ್ ಶೀಟು ಬೆಸೆಯುವ ವೆಲ್ಡರುಗಳಲ್ಲಿ ಇದು ಹಳೇ ಕಾಯಿಲೆ ಅಂದರು. ಮಲೇರಿಯಾ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಎರಡನೇ ದಿನಕ್ಕೆ ಹುಡುಗ ಎದ್ದು ಕೂತ.

ಹುಡುಗ ಹುಷಾರಾದ, ಸರಿ. ಆದರೆ ಆ ಬಿಳೀ ಪುಡಿ ಹತ್ತಿದ ಜೋಳವನ್ನು ನಿಂಬೆಹಣ್ಣು, ಉಪ್ಪು, ಖಾರ ಉಜ್ಜಿ ಮಕ್ಕಳ ಕೈಗೆ ಕೊಟ್ಟವನು ನಾನು. ಯಾರಿಗೆ ಹೊಟ್ಟೆ ಕೆಟ್ಟಿತೋ, ವಾಂತಿ ಆಯಿತೋ ನನಗೆ ಯಾರು ಹೇಳ್ತಾರೆ? ಸುಟ್ಟು ಮಿಕ್ಕಿದ್ದ ಹತ್ತು ಸೇರು ಕಾಯಿಯನ್ನು ಮಾರಲು ಮನಸ್ಸಾಗಲಿಲ್ಲ. ಚೆಲ್ಲಿದೆ. ಬರದ ವರ್ಷದಲ್ಲಿ ಕಾಯಿ ಚೆಲ್ಲುವ ಸಂಕಟ ರೈತನಾದವನಿಗೆ ಗೊತ್ತು.

ಸತು ಕೆಂಡದ ಮೇಲೆ ಏನಾಗುತ್ತದೆ

ಬೇಲಿ ತಂತಿ, ಚಿಕನ್ ಮೆಶ್, ವೆಲ್ಡ್ ಮೆಶ್, ಚೈನ್‌ಲಿಂಕ್, ಜಿ.ಐ. ಪೈಪು, ಜಿಂಕ್ ಶೀಟು: ಇವೆಲ್ಲ ಒಳಗೆ ಕಬ್ಬಿಣ, ಮೇಲೆ ಸತುವಿನ ಲೇಪ. ಮಳೆಗೆ ತುಕ್ಕು ಹಿಡಿಯದಿರಲಿ ಅಂತ ಆ ಲೇಪ. ಮಳೆಗೆ ಅದು ಒಳ್ಳೇದು, ಬೆಂಕಿಗೆ ಅಲ್ಲ.

ಸತು ಸುಮಾರು 420 ಡಿಗ್ರಿಗೆ ಕರಗುತ್ತದೆ. 907 ಡಿಗ್ರಿಗೆ ಕುದಿದು ಆವಿಯಾಗುತ್ತದೆ. ಆ ಆವಿ ಗಾಳಿಗೆ ಸೇರಿದ ಕೂಡಲೇ ಉರಿದು ಬಿಳೀ ಹೊಗೆ, ಬಿಳೀ ಪುಡಿ ಆಗುತ್ತದೆ. ಸುಮ್ಮನೆ ಬೂದಿ ಮುಚ್ಚಿದ ಕೆಂಡ ಅಷ್ಟು ಕಾಯೋದಿಲ್ಲ. ಆದರೆ ಗಾಳಿ ಹೊಡೆದ ಇದ್ದಲು ಸಾವಿರ ಡಿಗ್ರಿಯನ್ನೂ ದಾಟುತ್ತದೆ. ಕಮ್ಮಾರನ ಕುಲುಮೆಯಲ್ಲಿ ಗುದ್ದಲಿ ಕೆಂಪಗೆ ಕಾದು ಮೆತ್ತಗಾಗೋದು ಅದೇ ಇದ್ದಲು, ಅದೇ ಗಾಳಿಯಿಂದ ತಾನೇ? ಮನೆಯಲ್ಲಿ ವರ್ಷಗಟ್ಟಲೆ ಆಗದ್ದು ಪರಿಷೆಯಲ್ಲಿ ಒಂದೇ ದಿನ ಆದದ್ದು ಆ ಗಾಳಿಯಂತ್ರದಿಂದ.

ಹಾಗಂತ ಮೆಲ್ಲಗಿನ ಕೆಂಡಕ್ಕೆ ಪರವಾಗಿಲ್ಲ ಅನ್ನೋ ಹಾಗೂ ಇಲ್ಲ. ಲೇಪ ಕರಗಿ, ಸಿಪ್ಪೆ ಎದ್ದು ತಿನ್ನುವ ಪದಾರ್ಥಕ್ಕೆ ಅಂಟುತ್ತದೆ. ಹುಳಿ ತಾಗಿದರೆ ಸತು ಅದರಲ್ಲಿ ಕರಗುತ್ತದೆ. ಜಿಂಕ್ ಬಕೆಟ್ಟಿನಲ್ಲಿ ಮಜ್ಜಿಗೆ, ಹುಣಸೆ ನೀರು ಇಡಬಾರದು ಅನ್ನೋದು ಇದೇ ಕಾರಣಕ್ಕೆ.

ಗುರುತು ಹಿಡಿಯೋದು ಸುಲಭ. ಎರಡು ಮಳೆಗಾಲ ಬಯಲಲ್ಲಿ ನೆನೆದರೂ ತುಕ್ಕು ಹಿಡಿಯದೆ ಬೂದು ಬಣ್ಣಕ್ಕೆ ಇದ್ದರೆ, ಕತ್ತರಿಸಿದ ತುದಿ ಮಾತ್ರ ಕೆಂಪಾಗಿದ್ದರೆ ಅದು ಸತುವಿನದು. ತಗಡಾದರೆ ಮೈಮೇಲೆ ಹೂವಿನಂಥ ಚುಕ್ಕೆ ಕಾಣುತ್ತದೆ. "ಒಂದು ಸಲ ಸುಟ್ಟು ಲೇಪ ತೆಗೆದು ಆಮೇಲೆ ಬಳಸಿದರಾಯಿತು" ಅಂತ ಕೆಲವರು ಹೇಳ್ತಾರೆ. ಸುಡುವಾಗ ಬರುವ ಹೊಗೆಯೇ ವಿಷ. ಆ ಸಾಹಸ ಬೇಡ.

ಚಾಮರಾಜಪೇಟೆಯ ಗುಜರಿಯಲ್ಲಿ

ಹುಡುಗ ಮಲಗಿದ್ದಾಗ ಬೇರೆ ಕಬ್ಬಿಣ ಏನಾದರೂ ಸಿಕ್ಕೀತೇ ಅಂತ ಬಸವನಗುಡಿಯಿಂದ ಚಾಮರಾಜಪೇಟೆ ಕಡೆ ನಡೆದೆ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ ಇವೆಲ್ಲ ನೂರು ವರ್ಷ ದಾಟಿದ ಬಡಾವಣೆಗಳು. ಹಳೇ ವಠಾರ, ಹೆಂಚಿನ ಮನೆ ಕೆಡವಿ ಮೇಲೆ ಮೇಲೆ ಮಹಡಿ ಕಟ್ತಾರೆ. ಕೆಡವಿದ ಮನೆಯ ಕಿಟಕಿ ಸರಳು, ಗೇಟು, ಮೆಟ್ಟಿಲ ಕಂಬಿ ಎಲ್ಲ ಗುಜರಿಗೆ ಬರುತ್ತವೆ. ಒಂದು ಅಂಗಡಿಯಲ್ಲಿ ಹೆಬ್ಬೆರಳು ದಪ್ಪದ ಕಿಟಕಿ ಸರಳು ತೂಕದ ಲೆಕ್ಕದಲ್ಲಿತ್ತು. ಎಂಥಾ ಗಟ್ಟಿ ಕಬ್ಬಿಣ ಅಂತ ಕೈ ಹಾಕಿದೆ.

ಪಕ್ಕದಲ್ಲಿ ವೆಲ್ಡಿಂಗ್ ಮಾಡುತ್ತಿದ್ದ ವಯಸ್ಸಾದವರು ಕೇಳಿದರು: "ಯಾತಕ್ಕೆ ಯಜಮಾನ್ರೇ?"

"ಜೋಳ ಸುಡೋಕೆ ಜಾಲರಿ ಮಾಡಿಸಬೇಕು."

"ಹಾಗಾದರೆ ಅದು ಬೇಡ. ಎಷ್ಟು ಪದರ ಬಣ್ಣ ಐತೆ ನೋಡಿ" ಅಂತ ಉಳಿಯಲ್ಲಿ ಕೆರೆದು ತೋರಿಸಿದರು. ಹಸಿರು, ಅದರ ಕೆಳಗೆ ನೀಲಿ, ಅದರ ಕೆಳಗೆ ಕೆಂಪು.

ಹಳೇ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಅಂತ ನಮ್ಮ ದೇಶದಲ್ಲಿ ನಿಯಮ ಆದದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ನಂಬುವ ಹಾಗಿಲ್ಲ. ಸೀಸ ಸತುವಿನಂತೆ ಎರಡು ದಿನಕ್ಕೆ ಬಿಟ್ಟು ಹೋಗುವ ಜಾತಿಯಲ್ಲ. ಮೈಯಲ್ಲಿ ಕೂಡುತ್ತಾ ಹೋಗುತ್ತದೆ. ಬೆಳೆಯುವ ಮಕ್ಕಳ ಬುದ್ಧಿಗೇ ಪೆಟ್ಟು ಕೊಡುತ್ತದೆ. ಆದ್ದರಿಂದ ಬಣ್ಣ ಕಂಡ ಕಬ್ಬಿಣವನ್ನು ಒಲೆಗೆ ತರಬೇಡಿ, ಸುಟ್ಟು ಬಣ್ಣ ತೆಗೆಯಲೂ ಹೋಗಬೇಡಿ.

ಅದೇ ಗುಜರಿಯಲ್ಲಿ ಹಳೇ ಫ್ರಿಜ್ಜಿನ ಕಂಬಿ ತಟ್ಟೆಗಳೂ ಇದ್ದವು. ನೋಡಲು ಜಾಲರಿಗೆ ಹೇಳಿ ಮಾಡಿಸಿದ ಹಾಗೆ. ಅವೂ ಬೇಡ. ಕೆಲವಕ್ಕೆ ಪ್ಲಾಸ್ಟಿಕ್ ಲೇಪ, ಕೆಲವಕ್ಕೆ ಹೊಳಪಿನ ಲೇಪ. ತೀರಾ ಹಳೆಯವುಗಳಲ್ಲಿ ಕ್ಯಾಡ್ಮಿಯಂ ಲೇಪವೂ ಇರುತ್ತಿತ್ತು. ಅದು ಸತುವಿಗಿಂತ ಬಹಳ ಕೆಟ್ಟ ವಿಷ. ಮೇಲಾಗಿ ಆ ಕಂಬಿ ತೆಳು. ಕಾದ ಮೇಲೆ ಪಾತ್ರೆ ಇಟ್ಟರೆ ಬಗ್ಗಿ, ಕುದಿಯುವ ಸಾರು ಕಾಲ ಮೇಲೆ ಬೀಳುತ್ತದೆ.

ಯಾವ ಲೋಹ ಆಗಬಹುದು

ಮೂರು ಇವೆ.

ಒಂದು, ಲೇಪವಿಲ್ಲದ ಬರೀ ಕಬ್ಬಿಣದ ಕಂಬಿ. ಕಬ್ಬಿಣದ ಅಂಗಡಿಯಲ್ಲಿ ನುಣುಪು ಕಂಬಿ ಅಂತ ಕೇಳಿ. ತುಕ್ಕು ಹಿಡಿಯುತ್ತದೆ, ಆದರೆ ತುಕ್ಕು ಉಜ್ಜಿದರೆ ಹೋಗುತ್ತದೆ. ಕಟ್ಟಡಕ್ಕೆ ಹಾಕುವ ಗೀರು ಗೀರು ಕಂಬಿಯಲ್ಲಿ ಜಿಡ್ಡು, ಮಸಿ ಕೂತರೆ ಬಿಡೋದಿಲ್ಲ, ಹಾಗಾಗಿ ನುಣುಪಿನದೇ ಆಗಬೇಕು. ನಮ್ಮಂಥವರಿಗೆ ಇದೇ ಸರಿ.

ಎರಡು, ಬೀಡು ಕಬ್ಬಿಣ. ಬಿಸಿ ಚೆನ್ನಾಗಿ ಹಿಡಿದಿಡುತ್ತದೆ, ಬಗ್ಗೋದಿಲ್ಲ. ಆದರೆ ಟೆಂಪೊದಿಂದ ಕೆಳಗೆ ಬಿದ್ದರೆ, ಕಾದಿರುವಾಗ ತಣ್ಣೀರು ಸುರಿದರೆ ಸೀಳುತ್ತದೆ. ಮನೆಯಲ್ಲಿ ಒಂದು ಕಡೆ ಇಟ್ಟು ಬಳಸುವವರಿಗೆ ಒಳ್ಳೇದು.

ಮೂರು, ಸ್ಟೇನ್‌ಲೆಸ್ ಸ್ಟೀಲು. ಲೇಪವಲ್ಲ, ಮೈಯೆಲ್ಲ ಅದೇ. ಕಬ್ಬಿಣಕ್ಕೆ ಕ್ರೋಮಿಯಂ ಬೆರೆಸಿರುತ್ತಾರೆ. 304 ಅನ್ನೋ ಜಾತಿಯಲ್ಲಿ ನೂರಕ್ಕೆ ಸುಮಾರು 18 ಕ್ರೋಮಿಯಂ, 8 ನಿಕ್ಕಲ್. ತುಕ್ಕು ಇಲ್ಲ, ತೊಳೆಯೋದು ಸುಲಭ. ಕಿಲೋ ಬೆಲೆ ಕಬ್ಬಿಣದ ಮೂರ್ನಾಲ್ಕು ಪಟ್ಟು. "ಅಯಸ್ಕಾಂತ ಅಂಟದಿದ್ದರೆ ಒಳ್ಳೇ ಸ್ಟೀಲು" ಅಂತ ಅಂಗಡಿಯವರು ಹೇಳ್ತಾರೆ. ಇದು ಅರ್ಧ ನಿಜ. ನಿಕ್ಕಲ್ ಕಡಿಮೆ ಇರುವ 202 ಜಾತಿಯ ಅಗ್ಗದ ಸ್ಟೀಲಿಗೂ ಅಂಟೋದಿಲ್ಲ. ಅಂಟುವ 430 ಜಾತಿ ಅಡುಗೆಗೆ ಕೆಟ್ಟದ್ದೇನಲ್ಲ. ಬಿಲ್ಲಿನಲ್ಲಿ ಜಾತಿ ನಂಬರು ಬರೆಸಿಕೊಳ್ಳಿ.

ಅಲ್ಯೂಮಿನಿಯಂ ಕಂಬಿ ಬೇಡವೇ ಬೇಡ. 660 ಡಿಗ್ರಿಗೇ ಕರಗಿ ಕೆಂಡಕ್ಕೆ ಬೀಳುತ್ತದೆ.

ನಾನು ಮಾಡಿಸಿದ ಜಾಲರಿ

2024ರಲ್ಲಿ ನಮ್ಮ ಹೋಬಳಿಯ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಿದೆ. ಅಳತೆ ಉದ್ದ 45, ಅಗಲ 45 ಸೆಂಟಿಮೀಟರು.

ಚೌಕಟ್ಟಿಗೆ, ನಾಲ್ಕು ಕಾಲಿಗೆ 10 ಮಿಲಿಮೀಟರ್ ಕಂಬಿ. ಕಾಲು 20 ಸೆಂಟಿಮೀಟರ್ ಎತ್ತರ. ಕೆಂಡ ಐದಾರು ಸೆಂಟಿಮೀಟರ್ ಹರಡಿದರೆ ಮೇಲೆ ಒಂದು ಗೇಣಿಗಿಂತ ಕಡಿಮೆ ಜಾಗ ಉಳಿಯುತ್ತದೆ. ಸೀಯೋದಿಲ್ಲ, ಬೇಯುತ್ತದೆ.

ಮೇಲಿನ ಸರಳಿಗೆ 6 ಮಿಲಿಮೀಟರ್ ಕಂಬಿ, ನಡುವೆ 9 ಮಿಲಿಮೀಟರ್ ಸಂದು. ಒಟ್ಟು 29 ಸರಳು. ಈ ಸಂದಿನಲ್ಲಿ ನಮ್ಮ ಕಡಲೆಕಾಯಿ ಕೆಳಗೆ ಬೀಳೋದಿಲ್ಲ. ಬರೀ ಜೋಳ, ಗೆಣಸು, ಬದನೆಕಾಯಿ ಸುಡುವುದಾದರೆ ಸಂದು 15 ಮಿಲಿಮೀಟರ್ ಇದ್ದರೂ ನಡೆದೀತು, ಕಂಬಿಯೂ ಉಳಿಯುತ್ತದೆ. ಸರಳು ನಡುವೆ ಜಗ್ಗದಿರಲಿ ಅಂತ ಕೆಳಗೆ 8 ಮಿಲಿಮೀಟರಿನ ಎರಡು ಅಡ್ಡ ಕಂಬಿ.

ಚಾಮರಾಜಪೇಟೆಯ ಆ ಹಿರಿಯರು ಹೇಳಿಕೊಟ್ಟ ಒಂದು ಮಾತು ಬಹಳ ಉಪಯೋಗಕ್ಕೆ ಬಂತು. ಸರಳಿನ ಎರಡೂ ತುದಿ ಬೆಸೆಯಬಾರದು. ಗಾಡಿ ಗಾಲಿಗೆ ಕಬ್ಬಿಣದ ಪಟ್ಟಿ ಹಾಕೋದು ನೋಡಿದವರಿಗೆ ಇದು ತಿಳಿಯುತ್ತದೆ. ಕಾಯಿಸಿದರೆ ಪಟ್ಟಿ ಹಿಗ್ಗುತ್ತದೆ, ನೀರು ಹಾಕಿದರೆ ಕುಗ್ಗಿ ಗಾಲಿಯನ್ನು ಕಚ್ಚುತ್ತದೆ. ಜಾಲರಿಯದೂ ಅದೇ. 45 ಸೆಂಟಿಮೀಟರ್ ಸರಳು 500 ಡಿಗ್ರಿ ಕಾದರೆ ಎರಡೂವರೆ ಮಿಲಿಮೀಟರಿಗೂ ಹೆಚ್ಚು ಬೆಳೆಯುತ್ತದೆ. ಎರಡೂ ಕಡೆ ಬಿಗಿದಿದ್ದರೆ ಹೋಗಲು ಜಾಗವಿಲ್ಲದೆ ಬಿಲ್ಲಿನಂತೆ ಬಾಗುತ್ತದೆ, ಇಲ್ಲವೇ ಬೆಸುಗೆ ಬಿಡುತ್ತದೆ. ನನ್ನದರಲ್ಲಿ ಒಂದು ತುದಿ ಬೆಸುಗೆ. ಇನ್ನೊಂದು ತುದಿ ಚೌಕಟ್ಟಿನ ಮೇಲೆ ಸುಮ್ಮನೆ ಕೂತಿದೆ. ಅದು ಮೇಲೇಳದಿರಲು ಎಲ್ಲ ತುದಿಗಳ ಮೇಲೆ ಅಡ್ಡಲಾಗಿ ಒಂದು 6 ಮಿಲಿಮೀಟರ್ ಕಂಬಿ ಹಾಯಿಸಿ, ಅದರ ಎರಡು ಕೊನೆಯನ್ನು ಮಾತ್ರ ಚೌಕಟ್ಟಿಗೆ ಬೆಸೆದಿದೆ.

ಅಂಗಡಿಗೆ ಹೋಗುವ ಮುಂಚೆ ತೂಕ ನೀವೇ ಲೆಕ್ಕ ಹಾಕಬಹುದು. ಕಂಬಿಯ ದಪ್ಪ ಎಷ್ಟು ಮಿಲಿಮೀಟರೋ ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿ. ಒಂದು ಮೀಟರ್ ಕಂಬಿಯ ತೂಕ ಕಿಲೋದಲ್ಲಿ ಬರುತ್ತದೆ. 6 ಮಿಲಿಮೀಟರಿಗೆ 36 ಭಾಗಿಸು 162, ಅಂದರೆ 222 ಗ್ರಾಂ. 8ಕ್ಕೆ 395 ಗ್ರಾಂ, 10ಕ್ಕೆ 617 ಗ್ರಾಂ. ನನ್ನ ಜಾಲರಿಗೆ ಹಿಡಿದದ್ದು ಸುಮಾರು 5 ಕಿಲೋ. ಕಂಬಿಗೆ 350, ಕೂಲಿಗೆ 400, ಒಟ್ಟು 750 ರೂಪಾಯಿ ಆಯಿತು.

ಬೆಸುಗೆ ಆದ ಮೇಲೆ ಅದರ ಮೇಲಿನ ಗಾಜಿನಂಥ ಕಿಟ್ಟವನ್ನು ಬಡಿದು ಬಿಡಿಸಿ, ಚೂಪಾದ ಕಡೆ ಉಜ್ಜಿಸಿಕೊಳ್ಳಿ. "ಚೆಂದ ಕಾಣಲಿ, ಬಣ್ಣ ಹೊಡೆದು ಕೊಡ್ತೀನಿ" ಅಂದರೆ ಬೇಡವೆನ್ನಿ.

ಪಳಗಿಸುವುದು, ಕಾಪಾಡುವುದು

ಹೊಸ ದೋಸೆ ಕಾವಲಿ ಪಳಗಿಸುವ ಹಾಗೆ ಜಾಲರಿಯನ್ನೂ ಪಳಗಿಸಬೇಕು. ಮೊದಲು ಸೀಗೆಪುಡಿಯಲ್ಲೋ ಸೋಪಿನಲ್ಲೋ ತಿಕ್ಕಿ ಅಂಗಡಿ ಎಣ್ಣೆ ತೆಗೆಯಿರಿ. ಬಯಲಲ್ಲಿ ಒಂದು ಗಂಟೆ ಖಾಲಿ ಜಾಲರಿಯನ್ನು ಕೆಂಡದ ಮೇಲೆ ಕಾಯಿಸಿ. ತಣ್ಣಗಾದ ಮೇಲೆ ಬೂದಿ, ತೆಂಗಿನ ನಾರು ಹಾಕಿ ಉಜ್ಜಿ ತೊಳೆದು ಒರೆಸಿ. ಕಡಲೆಕಾಯಿ ಎಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ಸವರಿ, ಮತ್ತೆ ಹೊಗೆ ನಿಲ್ಲುವವರೆಗೆ ಕಾಯಿಸಿ. ಹೀಗೆ ಮೂರು ಸಲ. ಎಣ್ಣೆ ಸುಟ್ಟು ಗಟ್ಟಿಯಾಗಿ ಕರೀ ಪದರ ಕೂರುತ್ತದೆ. ಅದೇ ಕಬ್ಬಿಣಕ್ಕೆ ಕಾವಲು.

ಪ್ರತಿ ಸಲ ಬಳಸಿದ ಮೇಲೆ ಬಿಸಿ ಇರುವಾಗಲೇ ಅರ್ಧ ಈರುಳ್ಳಿಯನ್ನು ಕಡ್ಡಿಗೆ ಚುಚ್ಚಿ ಉಜ್ಜಿದರೆ ಅಂಟು ಬಿಡುತ್ತದೆ. ತಂತಿ ಬ್ರಷ್ ಬಳಸಬೇಡಿ. ಅದರ ಒಂದು ಎಳೆ ಕಿತ್ತು ಜಾಲರಿಗೆ ಅಂಟಿ, ಜೋಳದ ಜೊತೆ ಗಂಟಲಿಗೆ, ಹೊಟ್ಟೆಗೆ ಹೋದರೆ ಆಪರೇಷನ್ ಮಾಡಿ ತೆಗೆಯಬೇಕಾಗುತ್ತದೆ. ನಾರು ಸಾಕು. ಮಳೆಗಾಲದಲ್ಲಿ ಎಣ್ಣೆ ಸವರಿ ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿ. ಯೂರಿಯಾ, ಪೊಟ್ಯಾಷ್ ಚೀಲದ ಪಕ್ಕ ಇಡಬೇಡಿ. ಗೊಬ್ಬರದ ಉಪ್ಪು ಕಬ್ಬಿಣ ತಿನ್ನುತ್ತದೆ.

ಪರಿಷೆಗೆ ಹೋಗುವವರಿಗೆ ಇನ್ನೊಂದು ಮಾತು. ರಾತ್ರಿ ಚಳಿ ಅಂತ ಮಿಕ್ಕ ಕೆಂಡವನ್ನು ಟೆಂಪೊ ಒಳಗೆ, ತಾಡಪಾಲಿನ ಕೆಳಗೆ ಇಟ್ಟುಕೊಂಡು ಮಲಗಬೇಡಿ. ಕೆಂಡದಿಂದ ಬರುವ ವಿಷಗಾಳಿಗೆ ವಾಸನೆಯೂ ಇಲ್ಲ, ಹೊಗೆಯೂ ಇಲ್ಲ. ಮಲಗಿದವರು ಏಳೋದಿಲ್ಲ.

ಕೊಳ್ಳುವಾಗ, ಮಾಡಿಸುವಾಗ ನೋಡಬೇಕಾದ್ದು

1. ಸತುವಿನ ಲೇಪ, ಬಣ್ಣ, ಹೊಳಪಿನ ಲೇಪ ಯಾವುದೂ ಇರಬಾರದು.
2. ಮೊದಲು ಏನಾಗಿತ್ತು ಅಂತ ಗೊತ್ತಿಲ್ಲದ ಗುಜರಿ ಕಬ್ಬಿಣ ಬೇಡ.
3. ಸರಳು 6 ಮಿಲಿಮೀಟರಿಗೆ ಕಡಿಮೆ ಇರಬಾರದು. ದೊಡ್ಡ ಪಾತ್ರೆ ಇಡುವುದಾದರೆ 10 ಇರಲಿ.
4. ಸರಳು ಹಿಗ್ಗಲು ಒಂದು ತುದಿ ಬಿಡುವಾಗಿರಲಿ.
5. ತಣ್ಣಗಿರುವಾಗ ತುಂಬಿದ ಬಿಂದಿಗೆ ಇಟ್ಟು ಅಲ್ಲಾಡಿಸಿ ನೋಡಿ. ಅಲುಗಿದರೆ ಬೆಂಕಿಗೆ ಇಡಬೇಡಿ.

ಈ ಜಾಲರಿ 2024ರ, 2025ರ ಎರಡೂ ಪರಿಷೆ ಕಂಡಿದೆ. ಒಂದು ಸರಳೂ ಬಾಗಿಲ್ಲ. ಒಲೆ ಮುಂದೆ ಕೂರುವವನು ಅದೇ ಹುಡುಗ. ಈಗಲೂ ಗಾಳಿ ತಿರುಗಿಸುತ್ತಾನೆ, ಆದರೆ ಕೆಂಡ ಹತ್ತುವವರೆಗೆ ಮಾತ್ರ. ಹಳೇ ಚಿಕನ್ ಮೆಶ್ ವಾಪಸ್ ಕುರಿ ಹಟ್ಟಿ ಸೇರಿದೆ. 750 ರೂಪಾಯಿ ಉಳಿಸಲು ಹೋಗಿ ನಾನು ಕಳೆದುಕೊಂಡದ್ದು ಹತ್ತು ಸೇರು ಕಾಯಿ, ಎರಡು ದಿನದ ವ್ಯಾಪಾರ, ಡಾಕ್ಟರ ಫೀಜು. ತಮ್ಮನ ಹೆಂಡತಿ ಮುಂದೆ ತಲೆ ತಗ್ಗಿಸಿ ನಿಂತದ್ದಕ್ಕೆ ಲೆಕ್ಕ ಇಲ್ಲ. ನಿಮ್ಮ ಹಿತ್ತಲಲ್ಲಿ ಒಲೆ ಮೇಲೆ ಬೇಲಿ ತಂತಿ ಇದ್ದರೆ ಇವತ್ತೇ ತೆಗೆದು ಬೇಲಿಗೆ ಕಟ್ಟಿ.